ನಲವತ್ತು ಸೆಕೆಂಡಿನ ಜೋಳಿಗೆ

ತಾಳಗುಪ್ಪದ ರೈಲು ಬೀರೂರು ಬಿಟ್ಟು ಶಿವಮೊಗ್ಗದ ಕವಲು ಹಿಡಿಯುವಾಗ ಗಾಲಿಗಳ ಸದ್ದು ಬದಲಾಗುತ್ತದೆ. ಅಲ್ಲಿಯ ತನಕ ಒಂದೇ ಸಮನೆ ಗುಂಯ್ಗುಡುತ್ತಿದ್ದದ್ದು ಹಳಿ ಕೂಡಿ ಅಗಲುವ ಜಾಗ ಬಂದದ್ದೇ ಕಟಕಟ, ಕಟಕಟ, ಕಟ ಎಂದು ಮಾತಿಗಿಳಿಯುತ್ತದೆ. ಬೋಗಿಯೆಲ್ಲ ನಿದ್ದೆಯಲ್ಲಿರುವ ಹೊತ್ತು. ನಾನು ಕೈತೊಳೆಯುವ ಬೇಸಿನ್ನಿನ ಪಕ್ಕ, ಬಾಗಿಲಿಗೆ ಒರಗಿ, ಅಂಗೈಯಲ್ಲಿ ಒಂದು ಯಂತ್ರ ಹಿಡಿದು ನಿಂತಿರುತ್ತೇನೆ. ಒಂದು ಗುಂಡಿ ಒತ್ತಿ ಹಿಡಿದು ಇನ್ನೊಂದನ್ನು ಅದುಮಿದರೆ ಅದು ಕೇಳಿಸಿಕೊಳ್ಳಲು ಶುರುಮಾಡುತ್ತದೆ. ನಾಲ್ಕು ಸೆಕೆಂಡು. ಬೆರಳು ತೆಗೆದರೆ ಮುಗಿಯಿತು. ಬೀರೂರಿನ ಆ ಕವಲು ಈಗ ನನ್ನ ಕೈಯಲ್ಲಿ.

ಬರ್ತಿಗೆ ಮರಳಿ ಇಯರ್‌ಫೋನು ಸಿಕ್ಕಿಸಿಕೊಂಡರೆ ಮುಂದಿನ ಕೆಲಸ. ಯಂತ್ರ ಆ ನಾಲ್ಕು ಸೆಕೆಂಡನ್ನು ತಾನೇ ತುಂಡುತುಂಡು ಮಾಡಿ 16 ಗುಂಡಿಗಳ ಮೇಲೆ ಹಂಚಿಡುತ್ತದೆ. ಒಂದು ತುಂಡಿನಲ್ಲಿ ಬರೀ ಕಬ್ಬಿಣದ ಪೆಟ್ಟು, ಇನ್ನೊಂದರಲ್ಲಿ ಗಾಳಿ, ಮತ್ತೊಂದರಲ್ಲಿ ಬಾಗಿಲಿನ ಚಿಲಕ ನಡುಗಿದ ಸದ್ದು. ಇವನ್ನು ಬೇಕಾದ ಜಾಗದಲ್ಲಿ ಕೂರಿಸುತ್ತ ಹೋದರೆ ತರೀಕೆರೆ ಬರುವಷ್ಟರಲ್ಲಿ ಒಂದು ತಾಳ ಎದ್ದು ನಿಲ್ಲುತ್ತದೆ. ಭದ್ರಾವತಿಯ ಹೊತ್ತಿಗೆ ಅದರ ಮೇಲೊಂದು ಸ್ವರ. ಶಿವಮೊಗ್ಗದಲ್ಲಿ ಅರ್ಧ ಬೋಗಿ ಖಾಲಿಯಾದ ಮೇಲೆ ಕಿಟಕಿಯ ಪಕ್ಕ ಕೂತು ಅಷ್ಟನ್ನೂ ಮೊದಲಿನಿಂದ ಕೇಳುತ್ತೇನೆ. ನಾಲ್ಕೈದು ವರ್ಷಗಳಿಂದ ಊರಿಗೆ ಹೋಗುವ ಪ್ರತಿ ರಾತ್ರಿ ಹೀಗೇ ಕಳೆದಿದೆ.

ಈ ಯಂತ್ರ ಸ್ವೀಡನ್ನಿನದು. ಸ್ಟಾಕ್‌ಹೋಮ್‌ನ ಟೀನೇಜ್ ಇಂಜಿನಿಯರಿಂಗ್ ಎಂಬ ಕಂಪನಿ 2015ರಿಂದ ಮಾಡುತ್ತಿರುವ ‘ಪಾಕೆಟ್ ಆಪರೇಟರ್’ ಸಾಲಿನಲ್ಲಿ 2018ರಲ್ಲಿ ಬಂದ ಪಿಒ-33. ನೋಡಲು ಕ್ಯಾಲ್ಕುಲೇಟರ್ ಇದ್ದಂತೆ, ಆದರೆ ಮೈಮೇಲೆ ಕವಚವಿಲ್ಲ. ಸರ್ಕ್ಯೂಟು ಬೋರ್ಡು ಕಣ್ಣಿಗೆ ಕಾಣುವಂತೆಯೇ ಇದೆ. ನಾಲ್ಕು ಸಾಲಿನಲ್ಲಿ 16 ಗುಂಡಿ, ಮೇಲೆ ಎರಡು ತಿರುಪು, ಒಂದು ಪುಟ್ಟ ಪರದೆ, ಕಿವಿಯಾಗಿ ಒಂದು ಮೈಕು. ಬೆನ್ನಿಗೆ ಸ್ಪೀಕರು ಮತ್ತು ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ಎರಡು. ಆ ಸೆಲ್ಲು ನಮ್ಮ ಊರ ಕಡೆಯ ತುಮರಿಯ ಅಂಗಡಿಯಲ್ಲೂ ಸಿಗುತ್ತದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಚಾರ್ಜರು, ವೈರು, ನೆಟ್‌ವರ್ಕು ಯಾವುದೂ ಬೇಡ. ಸಂಗೀತ ಅಲ್ಲಿಯೇ ಹುಟ್ಟಿ ಅಲ್ಲಿಯೇ ಕೇಳಿಸುತ್ತದೆ.

ಅದರ ಜ್ಞಾಪಕಶಕ್ತಿ ಒಟ್ಟು 40 ಸೆಕೆಂಡು. ನನ್ನ ಫೋನಿನಲ್ಲಿ ದಿನಗಟ್ಟಲೆ ಸದ್ದು ತುಂಬಿಡಬಹುದು. ತುಂಬಿಟ್ಟಿದ್ದೇನೆ ಕೂಡ, ಆದರೆ ಅವುಗಳಲ್ಲಿ ಒಂದನ್ನೂ ಮತ್ತೆ ತೆರೆದು ಕೇಳಿದ ನೆನಪಿಲ್ಲ. ಈ 40 ಸೆಕೆಂಡಿನಲ್ಲಿ ಮಾತ್ರ ಯಾವ ಸದ್ದು ಎಲ್ಲಿದೆ, ಎಷ್ಟಿದೆ, ಯಾವತ್ತಿನದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೊಸದೊಂದು ಬರಬೇಕಾದರೆ ಹಳೆಯದೊಂದು ಹೊರಡಬೇಕು. ಹೊರಡಿಸುವ ಮುನ್ನ ಅದನ್ನು ಮತ್ತೊಮ್ಮೆ, ಕೊನೆಯದಾಗಿ, ಕೇಳಬೇಕು. ಅಷ್ಟು ಗಮನ ಕೊಟ್ಟು ನಾನು ಬೇರೆ ಏನನ್ನೂ ಕೇಳಿದ್ದಿಲ್ಲ.

ಇಂಥ ಯಂತ್ರಗಳ ವಂಶ ಹುಡುಕುತ್ತ ಹೋದರೆ ಸಿಗುವುದೂ ಒಂದು ರೈಲೇ. ಜಪಾನಿನ ನಿಂಟೆಂಡೊದಲ್ಲಿ ಗುನ್‌ಪೇ ಯೊಕೋಯಿ ಎಂಬ ವಿನ್ಯಾಸಕಾರರಿದ್ದರು. ಬುಲೆಟ್ ರೈಲಿನಲ್ಲಿ ಹೋಗುವಾಗ ಎದುರು ಕೂತ ನೌಕರನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕೂತದ್ದನ್ನು ಅವರು ಕಂಡರಂತೆ. ಕ್ಯಾಲ್ಕುಲೇಟರಿನ ಅಗ್ಗದ ಪರದೆಯನ್ನೇ ಬಳಸಿ 1980ರಲ್ಲಿ ಅವರು ‘ಗೇಮ್ ಅಂಡ್ ವಾಚ್’ ಎಂಬ ಕಿಸೆಯ ಆಟ ಮಾಡಿದರು. 1989ರಲ್ಲಿ ಅವರದೇ ತಂಡದಿಂದ ಗೇಮ್ ಬಾಯ್ ಬಂತು. ಆಡಲೆಂದು ಮಾಡಿದ ಆ ಡಬ್ಬಿಯೊಳಗಿನ ಸದ್ದಿನ ಚಿಪ್ಪನ್ನು ಮುಂದೆ ಹಾಡಿಸಿದ್ದು ಒಬ್ಬ ಸ್ವೀಡಿಷ್ ಪ್ರೋಗ್ರಾಮರ್, ಯೋಹಾನ್ ಕೊಟ್ಲಿನ್ಸ್ಕಿ. ಅವರು ಬರೆದ ತಂತ್ರಾಂಶ ಹಾಕಿಕೊಂಡು ಜನ ಗೇಮ್ ಬಾಯ್ ಹಿಡಿದು ಕಛೇರಿ ನಡೆಸಿದರು. ನನ್ನ ಕೈಯಲ್ಲಿರುವ ಪಾಕೆಟ್ ಆಪರೇಟರು ತನ್ನ ರೂಪ ಪಡೆದದ್ದು ಅದೇ ಹಳೆಯ ‘ಗೇಮ್ ಅಂಡ್ ವಾಚ್’ ಮತ್ತು ಕಿಸೆಯ ಕ್ಯಾಲ್ಕುಲೇಟರುಗಳಿಂದ. ಜಪಾನಿನ ರೈಲಿನಲ್ಲಿ ಹೊರಟ ಒಂದು ಯೋಚನೆ ಸ್ಟಾಕ್‌ಹೋಮ್ ಬಳಸಿ ತಾಳಗುಪ್ಪದ ರೈಲು ಹತ್ತಿದೆ.

ನಡುವೆ ಇನ್ನೂ ಕೆಲವು ಇದ್ದವು. ಕ್ಯಾಸಿಯೋ ಕಂಪನಿಯ ವಿಎಲ್-1 ಅರ್ಧ ಕ್ಯಾಲ್ಕುಲೇಟರ್, ಅರ್ಧ ಕೀಬೋರ್ಡು. 1990ರಲ್ಲಿ ಬಂದ ಯಮಹಾ ಕ್ಯೂವೈ10 ವಿಡಿಯೊ ಕ್ಯಾಸೆಟ್ಟಿನಷ್ಟೇ ದೊಡ್ಡದು. ಪ್ರವಾಸದಲ್ಲಿರುವ ಸಂಗೀತಗಾರರು ಹೋಟೆಲಿನ ಕೋಣೆಯಲ್ಲಿ, ಬಸ್ಸಿನಲ್ಲಿ ಕೂತು ಅದರಲ್ಲಿ ಪೂರ್ತಿ ವಾದ್ಯಮೇಳವನ್ನೇ ಕಟ್ಟುತ್ತಿದ್ದರು.

ಆದರೆ ನನ್ನ ಮನಸ್ಸು ಮತ್ತೆಮತ್ತೆ ಹೋಗಿ ನಿಲ್ಲುವುದು ಮುಂಬಯಿಯ ಚರಣ್‌ಜಿತ್ ಸಿಂಗ್ ಅವರ ಹತ್ತಿರ. ಹಿಂದಿ ಚಿತ್ರಗಳ ವಾದ್ಯಮೇಳಗಳಲ್ಲಿ ನುಡಿಸುತ್ತಿದ್ದವರು. ಜಪಾನಿನ ರೋಲ್ಯಾಂಡ್ ಕಂಪನಿ ಆಗಷ್ಟೇ ಟಿಬಿ-303 ಎಂಬ ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ ತಂದಿತ್ತು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಾಗಿ ಬೇಸ್ ನುಡಿಸಲಿ ಎಂದು ಮಾಡಿದ್ದು; ಸೆಲ್ಲು ಹಾಕಿ ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಗಿಟಾರಿನವರು ಅದನ್ನು ಮುಟ್ಟಲಿಲ್ಲ, 1984ರ ಹೊತ್ತಿಗೆ ಕಂಪನಿ ಅದನ್ನು ಮಾಡುವುದನ್ನೇ ಬಿಟ್ಟಿತು. ಚರಣ್‌ಜಿತ್ ಸಿಂಗ್ ಮಾತ್ರ 1982ರಲ್ಲೇ ಆ ಪೆಟ್ಟಿಗೆಯನ್ನು ಒಂದು ತಾಳಯಂತ್ರಕ್ಕೂ ಒಂದು ಸಿಂಥಸೈಜರಿಗೂ ಕೂಡಿಸಿ ಭೈರವ್, ತೋಡಿ, ಯಮನ್, ಮಾಲಕಂಸ್ ಹೀಗೆ ಹತ್ತು ರಾಗ ನುಡಿಸಿ ರೆಕಾರ್ಡು ಮಾಡಿದರು. ಯಾರೂ ಕೊಳ್ಳಲಿಲ್ಲ. ಐದು ವರ್ಷದ ಬಳಿಕ ಅಮೆರಿಕದ ಶಿಕಾಗೊದಲ್ಲಿ ಇದೇ ಪೆಟ್ಟಿಗೆಯಿಂದ ಹುಡುಗರು ತೆಗೆದ ನಾದಕ್ಕೆ ಜಗತ್ತು ಆ್ಯಸಿಡ್ ಹೌಸ್ ಎಂದು ಹೆಸರಿಟ್ಟು ಕುಣಿಯಿತು. ಸಿಂಗ್ ಅವರ ರೆಕಾರ್ಡು 2010ರಲ್ಲಿ ಮತ್ತೆ ಅಚ್ಚಾಗಿ ಬಂದಾಗ ಕೇಳಿದವರಿಗೆ ನಂಬಲಾಗಲಿಲ್ಲ.

ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆ ಪೆಟ್ಟಿಗೆಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುವ ಒಂದು ಗುಂಡಿಯಿತ್ತು. ಗಿಟಾರಿನ ಜೊತೆಗಾರನಿಗೆ ಅದು ಸಣ್ಣದೊಂದು ಸೌಕರ್ಯ. ರಾಗ ಕೇಳಿ ಬೆಳೆದ ಕಿವಿಗೆ ಅದು ಮೀಂಡ್, ನಮ್ಮ ಕಡೆಯ ಮಾತಿನಲ್ಲಿ ಜಾರು. ಅದನ್ನು ಕೇಳಿದ ತಕ್ಷಣ ಅವರಿಗೆ ಇದು ಯಾವ ಕೆಲಸಕ್ಕೆ ಬಂದ ಯಂತ್ರ ಎಂದು ಹೊಳೆದಿರಬೇಕು. ನನ್ನ ಯಂತ್ರದಲ್ಲಿ ಜಾರಿನ ಗುಂಡಿ ಇಲ್ಲ. ಸ್ವರ ಹಿಡಿದು ಮೇಲಿನ ತಿರುಪನ್ನು ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸುತ್ತೇನೆ. ಹತ್ತು ಸಲಕ್ಕೊಮ್ಮೆ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ನಿಂತಾಗ ಮೈ ಝುಂ ಎನ್ನುತ್ತದೆ.

ಇಂಥದ್ದೊಂದು ಪೆಟ್ಟಿಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅಮ್ಮ ಸಾಗರದಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಸರಳೆ–ಜಂಟಿಯ ಪುಸ್ತಕ, ಒಂದು ಕೊಡೆ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ತಿದಿಯೊತ್ತುವ ಹಳೆಯ ಶ್ರುತಿಪೆಟ್ಟಿಗೆಗೆ ಒಂದು ಕೈ ಯಾವಾಗಲೂ ಮೀಸಲಿರಬೇಕು. ಇದಕ್ಕೆ ಬೇಡ, ಎರಡೂ ಕೈ ತಾಳಕ್ಕೆ ಸಿಗುತ್ತವೆ. ಕೊಳಲು ವಾದಕರೂ ಇಂಜಿನಿಯರೂ ಆಗಿದ್ದ ಜಿ. ರಾಜ್‌ನಾರಾಯಣ್ ಅವರು ಬೆಂಗಳೂರಿನಲ್ಲಿ ಇದನ್ನು ಮಾಡಿದರು; ಬಳಿಕ ತಂಬೂರಿ, ತಾಳ, ತಬಲಾ ಎಲ್ಲವೂ ಪೆಟ್ಟಿಗೆಯೊಳಗೆ ಬಂದವು. ಜಗತ್ತು ಕಿಸೆಯ ಸಂಗೀತಯಂತ್ರ ಎಂದು ಸಂಭ್ರಮ ಪಡುವ ಹೊತ್ತಿಗೆ ನಮ್ಮ ಪಾಠದ ಮೇಷ್ಟ್ರುಗಳು, ಟೀಚರುಗಳು ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಎಷ್ಟೋ ಕಾಲವಾಗಿತ್ತು. ಸಂಗೀತಕ್ಕೆ ಒಂದು ಜಾಗ ಬೇಕು, ಜಮಖಾನೆ ಬೇಕು ಎಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ಅಮ್ಮ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೂ ಶ್ರುತಿ ಹಾಕಿಕೊಂಡು ಮೆಲುದನಿಯಲ್ಲಿ ವರ್ಣ ಹಾಡಿಕೊಳ್ಳುತ್ತಿದ್ದಳು.

ನನ್ನ 40 ಸೆಕೆಂಡಿನಲ್ಲಿ ಏಳು ಸೆಕೆಂಡು ಅಮ್ಮನದು. ಪೆಟ್ಟಿಗೆಯ ಜೊತೆ ಅವಳು ಹಿಡಿದ ಸ–ಪ–ಸ. ಆಗ ಅವಳದು ಐದೂವರೆ ಮನೆ ಶ್ರುತಿ. ಈಗ ಗಂಟಲು ಅಷ್ಟು ಮೇಲೆ ಹೋಗುವುದಿಲ್ಲ, ನಾಲ್ಕೂವರೆಗೆ ಇಳಿಸಿಕೊಂಡಿದ್ದಾಳೆ. ಯಂತ್ರದ ತಿರುಪು ಹೊರಳಿಸಿ ಆ ಹಳೆಯ ಸ್ವರವನ್ನೂ ನಾಲ್ಕೂವರೆಗೆ ಇಳಿಸಬಹುದು. ಒಂದು ಸಲ ಇಳಿಸಿ ನೋಡಿದೆ. ಅದು ಅಮ್ಮನ ಈಗಿನ ದನಿಯ ಹಾಗೆ ಇರಲಿಲ್ಲ. ಹಿಂದಕ್ಕೆ ತಂದು ಬಿಟ್ಟುಬಿಟ್ಟೆ.

ಈ ಯಂತ್ರ ತಾಳವನ್ನು ಹದಿನಾರರ ಲೆಕ್ಕದಲ್ಲಿ ಮಾತ್ರ ಬಲ್ಲದು. 16 ಗುಂಡಿ, 16 ಹೆಜ್ಜೆ, ಮತ್ತೆ ಮೊದಲಿಗೆ. ಆದಿತಾಳಕ್ಕೆ ಹೇಳಿಮಾಡಿಸಿದ ಹಾಗೆ. ಆದರೆ ಅತ್ತೆ ಮಜ್ಜಿಗೆ ಕಡೆಯುವಾಗ ಗುನುಗುವ ಹಾಡು ನಡೆಯುವುದು ಏಳರಲ್ಲಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಸಂಗೀತದವರು ಮಿಶ್ರಛಾಪು ಎನ್ನುತ್ತಾರೆ, ಯಕ್ಷಗಾನದ ತ್ರಿವುಡೆಯದೂ ಇದೇ ಏಳರ ಲೆಕ್ಕ. ಹದಿನಾರರಲ್ಲಿ ಏಳು ಎರಡು ಸಲ ಕೂರುತ್ತದೆ, ಎರಡು ಹೆಜ್ಜೆ ಉಳಿದುಬಿಡುತ್ತದೆ. ಉಳಿದ ಆ ಎರಡನ್ನು ಏನು ಮಾಡುವುದೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಉತ್ತರ ಹೊಳೆದದ್ದು ಅರಸೀಕೆರೆಯಲ್ಲಿ ರೈಲು ನಿಂತಾಗ. ಉಳಿದದ್ದನ್ನು ಎಸೆಯಬೇಕಾಗಿಯೇ ಇಲ್ಲ. ಮೂರನೆಯ ಆವರ್ತ ಈ ಸಾಲಿನ ಕೊನೆಯ ಎರಡು ಹೆಜ್ಜೆಯಲ್ಲಿ ಶುರುವಾಗಿ ಮುಂದಿನ ಸಾಲಿಗೆ ಹರಿದು ಹೋಗಲಿ. ಹಾಗೆ ಹರಿಯುತ್ತ ಏಳು ಸಾಲು ಕಟ್ಟಿದರೆ 112 ಹೆಜ್ಜೆ. ಅದರೊಳಗೆ ಏಳರ 16 ಆವರ್ತ. ಒಂದು ಹೆಜ್ಜೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಏಳನೆಯ ಸಾಲಿನ ಕೊನೆಯಲ್ಲಿ ಯಂತ್ರದ ಲೆಕ್ಕವೂ ಅತ್ತೆಯ ಹಾಡಿನ ಲೆಕ್ಕವೂ ಒಟ್ಟಿಗೆ ಬಂದು ಸಮ ಮುಟ್ಟುತ್ತವೆ. ಮೃದಂಗದವರಿಗೆ ಇದು ಬಾಯಿಪಾಠದ ಗಣಿತ. ನನಗೆ ಅದು ಬೆರಳಿನಿಂದ ಬಂತು. ಸಾಲುಗಳನ್ನು ಒಂದರ ಹಿಂದೊಂದು ಪೋಣಿಸಿ ಆಡಿಸಿದಾಗ ಹದಿನಾರರ ಗೋಡೆ ಕಿವಿಗೆ ಎಲ್ಲೂ ತಾಗಲಿಲ್ಲ. ಮೇಲಿನ ಬರ್ತಿನ ಹುಡುಗನೊಬ್ಬ ಕೆಳಗೆ ಬಗ್ಗಿ ನನ್ನ ತೊಡೆಯ ಮೇಲೆ ಆಡುತ್ತಿದ್ದ ಬೆರಳನ್ನೇ ನೋಡುತ್ತಿದ್ದ. ಒಂದು ಇಯರ್‌ಫೋನು ಅವನಿಗೆ ಕೊಟ್ಟೆ. ಅವನೂ ತಕಿಟ ಹಿಡಿದ.

ಆ ತಾಳದಲ್ಲಿ ಧಿಮಿಯ ಜಾಗಕ್ಕೆ ಕೂತಿರುವುದು ಅಡಿಕೆ. ಅತ್ತೆಯ ಮನೆಯಲ್ಲಿ ಸುಗ್ಗಿಯ ದಿನಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಹೆಂಗಸರೆಲ್ಲ ಮೆಟ್ಟುಗತ್ತಿ ಹಾಕಿ ಸಾಲಾಗಿ ಕೂರುತ್ತಾರೆ. ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಕೊಟ್ಟು ತಿರುವಿದರೆ ಸಿಪ್ಪೆ ಒಂದು ಕಡೆಗೆ, ಕಾಯಿ ಒಂದು ಕಡೆಗೆ. ಸಿಪ್ಪೆ ಬಿಚ್ಚಿಕೊಳ್ಳುವಾಗ ಸರ್ ಎಂದು ಒದ್ದೆ ಸದ್ದು, ಅದರ ಹಿಂದೆಯೇ ಕಾಯಿ ತಗಡಿನ ಡಬ್ಬಕ್ಕೆ ಬಿದ್ದ ಟಣ್. ಡಬ್ಬ ತುಂಬುತ್ತ ಬಂದಂತೆ ಟಣ್ ಹೋಗಿ ಟಕ್ ಆಗುತ್ತದೆ, ಆಮೇಲೆ ಬರೀ ಟಪ್. ಮೂರನ್ನೂ ಹಿಡಿದುಕೊಂಡೆ, ಎಲ್ಲ ಸೇರಿ ಒಂದು ಸೆಕೆಂಡೂ ಆಗಲಿಲ್ಲ. ಅತ್ತೆಯ ಹಾಡನ್ನೂ ಹಿಡಿಯಲೇ ಎಂದು ಕೇಳಿದ್ದೆ. ಕೇಳದೆ ಯಾರ ದನಿಯನ್ನೂ ಹಿಡಿಯುವುದಿಲ್ಲ. ಅದು ಅವರವರ ಉಸಿರು. ಅತ್ತೆ ಬೇಡ ಎಂದಳು. “ಕಡಗೋಲಿನ ಸದ್ದು ಬೇಕಾದ್ರೆ ತಗೊ, ನಂದು ಬ್ಯಾಡ.” ಹಾಗಾಗಿ ನನ್ನ ಹತ್ತಿರ ಅವಳ ಹಾಡಿನ ತಾಳವಿದೆ, ಕಡಗೋಲಿದೆ, ಅಡಿಕೆಯಿದೆ. ಹಾಡು ಅವಳ ಹತ್ತಿರವೇ ಇದೆ.

ಅತ್ತೆಯ ಊರು ಶರಾವತಿಯ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿಯ ಕಡೆಯ ಊರುಗಳು ನೀರಿನ ಆಚೆ ಉಳಿದವು. ಈಚೆಯ ಅಂಬಾರಗೋಡ್ಲಿನಿಂದ ಆಚೆಯ ಕಳಸವಳ್ಳಿಗೆ ಲಾಂಚು. ಬಸ್ಸು, ಜೀಪು, ಬೈಕು, ಹಾಲಿನ ಕ್ಯಾನು, ಸಿಗಂದೂರಿಗೆ ಹೋಗುವ ಭಕ್ತರು, ಶಾಲೆಯ ಮಕ್ಕಳು ಎಲ್ಲರೂ ಅದರ ಮೇಲೆ. ಎಂಜಿನ್ನಿನ ಡುಬುಡುಬು ಅಡಿಯ ಕಬ್ಬಿಣದಿಂದ ಎದ್ದು ಅಂಗಾಲಿಗೆ, ಅಲ್ಲಿಂದ ಎದೆಗೆ ಬರುತ್ತಿತ್ತು. ಯಂತ್ರ ಕೊಂಡ ವರ್ಷವೇ, ಲಾಂಚಿನ ಕಟಕಟೆಗೆ ಅದನ್ನು ಒತ್ತಿ ಹಿಡಿದು ಆರು ಸೆಕೆಂಡು ತೆಗೆದುಕೊಂಡಿದ್ದೆ. ಇಷ್ಟು ವರ್ಷ ನಾನು ಕಟ್ಟಿದ ಎಲ್ಲದರ ಅಡಿಯಲ್ಲಿ ಡೊಳ್ಳಿನ ಹಾಗೆ ನಡೆದುಕೊಂಡು ಬಂದದ್ದು ಅದೇ.

2025ರ ಜುಲೈಯಲ್ಲಿ ಅಲ್ಲಿ ಸೇತುವೆ ಬಂತು. ಎರಡು ಕಿಲೋಮೀಟರಿಗೂ ಉದ್ದದ, ತಂತಿಗಳಿಂದ ತೂಗುವ ಸೇತುವೆ. ಅದು ಬಂದದ್ದು ಎಷ್ಟು ದೊಡ್ಡ ಸಂಗತಿ ಎಂಬುದು ಕತ್ತಲಾದ ಮೇಲೆ ದಡದಲ್ಲಿ ಸಿಕ್ಕಿಕೊಂಡವರಿಗೇ ಗೊತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಚೆಯವರು ಆಚೆ, ಈಚೆಯವರು ಈಚೆ. ಹೆರಿಗೆಯ ನೋವು, ಎದೆಯ ನೋವು, ಹಾವಿನ ವಿಷ ಲಾಂಚಿನ ವೇಳೆ ನೋಡಿಕೊಂಡು ಬರುವುದಿಲ್ಲ. ಅರುವತ್ತು ವರ್ಷ ಆ ಜನ ಕಾದರು. ಲಾಂಚು ಹೋಯಿತಲ್ಲ ಎಂದು ನಾನು ಮರುಗುವುದಿಲ್ಲ, ಮರುಗುವ ಹಕ್ಕೂ ನನಗಿಲ್ಲ. ಆದರೂ ಸೇತುವೆ ಆದ ಮೇಲೆ ಮೊದಲ ಸಲ ಊರಿಗೆ ಹೋಗುವಾಗ ಬಸ್ಸಿನಲ್ಲಿ ಯಂತ್ರ ತೆರೆದು ಆ ಆರು ಸೆಕೆಂಡು ಅಲ್ಲಿಯೇ ಇದೆಯೇ ಎಂದು ಒತ್ತಿ ನೋಡಿದೆ. ಹಿಂದಿನ ವಾರ ಜಾಗ ಸಾಲದೆ ಮಳೆಯ ಸದ್ದೊಂದನ್ನು ಅಳಿಸಿದ್ದೆ. ಬೆರಳು ಒಂದು ಗುಂಡಿ ಆಚೆ ಸರಿದಿದ್ದರೆ ಹೋಗುವುದು ಲಾಂಚು.

ಬಸ್ಸು ಸೇತುವೆ ಹತ್ತಿತು. ಕಿಟಕಿಯಿಂದ ಕೆಳಗೆ, ಬಹಳ ಕೆಳಗೆ, ನೀರು. ಸೇತುವೆಯ ಭಾಗಗಳು ಕೂಡುವ ಜಾಗ ದಾಟಿದಾಗಲೆಲ್ಲ ಚಕ್ರ ದಡಕ್ ಎನ್ನುತ್ತಿತ್ತು. ಎರಡು ದಡಕ್‌ಗಳ ನಡುವೆ ನೆಮ್ಮದಿಯ ಮೌನ. ಒಂದೂವರೆ ಸೆಕೆಂಡಿನಷ್ಟು ಜಾಗ ಉಳಿದಿತ್ತು. ಒಂದೇ ಒಂದು ದಡಕ್ ತೆಗೆದುಕೊಂಡೆ. ಆಚೆ ದಡ ಬರುವುದರೊಳಗೆ ಅದನ್ನು ಲಾಂಚಿನ ಡುಬುಡುಬುವಿನ ಮೇಲೆ ಇಟ್ಟು ನೋಡಿದೆ. ಹೊಂದಿಕೊಂಡಿತು.

ಸಂಜೆ ಜಗುಲಿಯಲ್ಲಿ ಅತ್ತೆಯ ಪಕ್ಕ ಯಂತ್ರ ಇಟ್ಟು ಆಡಿಸಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. ಯಂತ್ರವನ್ನು ಎತ್ತಿ ಕಿವಿಗೆ ಒತ್ತಿಕೊಂಡಳು.

“ಇದು ಹಳೇ ಲಾಂಚು. ಆಮೇಲೆ ಬಂದಿದ್ದರ ಸದ್ದು ಹಿಂಗಲ್ಲ” ಎಂದಳು.

ಎಷ್ಟು ಸಲ ಆ ನೀರು ದಾಟಿದ್ದಾಳೋ. ಇನ್ನೊಮ್ಮೆ ಆಡಿಸು ಎಂದಳು, ಆಡಿಸಿದೆ. ಇನ್ನೊಮ್ಮೆ. ಏನನ್ನೋ ಕಾಯುತ್ತಿರುವ ಹಾಗೆ ಕತ್ತು ವಾಲಿಸಿ ಕೇಳಿದಳು.

“ಹಲಗೆ ಬಿದ್ದ ಸದ್ದು ಇಲ್ವಲ್ಲೇ ಇದ್ರಲ್ಲಿ?”

ಲಾಂಚು ದಡ ಮುಟ್ಟಿದಾಗ ವಾಹನ ಇಳಿಸಲು ಮುಂದಿನ ಕಬ್ಬಿಣದ ದೊಡ್ಡ ಹಲಗೆ ದಡಕ್ಕೆ ತಾಗುತ್ತಿತ್ತಲ್ಲ, ಆ ಸದ್ದು. “ಮ್ಯಾಲೆ ಮರದ ಬುಡದಲ್ಲಿ ಕೂತಿದ್ರೂ ಅದು ಕೇಳದು. ಅದು ಕೇಳಿದ್ಮೇಲೇ ನಾವು ಗಂಟು ಎತ್ಕಂಡು ಇಳೀತಿದ್ದಿದ್ದು.”

ಅದು ಇತ್ತು. ಮೊದಲು ತೆಗೆದಾಗ ಆರು ಸೆಕೆಂಡಿನ ಕೊನೆಗೆ ಅದೂ ಸೇರಿ ಏಳೂವರೆ ಆಗಿತ್ತು. ತಾಳಕ್ಕೆ ಕೂರುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ ಎಂದು ನಾನೇ ಅದನ್ನು ಕತ್ತರಿಸಿ ತೆಗೆದಿದ್ದೆ. ಹಾಗೆಂದು ಅತ್ತೆಗೆ ಹೇಳಿದೆ.

ಅವಳು ಏನೂ ಅನ್ನಲಿಲ್ಲ. ಎಲೆ ಬಾಯಿಗಿಟ್ಟುಕೊಂಡು ಎದ್ದು ಬಚ್ಚಲಮನೆಗೆ ಹೋದಳು. ಹಂಡೆಯ ಮುಚ್ಚಳ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಅಂಗಳದ ಚಪ್ಪಡಿಯ ಮೇಲೆ ಒಂದು ಅಂಚು ಊರಿ, ಇನ್ನೊಂದು ಅಂಚನ್ನು ಬಿಟ್ಟಳು. ಹಿತ್ತಿಲಿನ ಹಕ್ಕಿಗಳೆಲ್ಲ ಎದ್ದವು. ಅತ್ತೆ ತಲೆ ಅಲ್ಲಾಡಿಸಿದಳು.

“ಇದಕ್ಕಿಂತ ಭಾರ. ಬಿದ್ದ ಮ್ಯಾಲೆ ಒಂಚೂರು ಕೆರೀತಿತ್ತು.”

ಬೀರೂರಿನ ಕವಲನ್ನು ಅಳಿಸಿ ಜಾಗ ಮಾಡಿಕೊಂಡೆ. ಅದು ಮುಂದಿನ ರೈಲಿನಲ್ಲಿ ಮತ್ತೆ ಸಿಗುತ್ತದೆ. ಅತ್ತೆ ಮುಚ್ಚಳವನ್ನು ಮೊದಲಿಗಿಂತ ಎತ್ತರಕ್ಕೆ ಎತ್ತಿ ಹಿಡಿದು, ಹೂಂ ಎಂದಳು. ನಾನು ಗುಂಡಿ ಅದುಮಿದೆ.